ಗಾಯಗೊಂಡ ಮಾಜಿ ಸೈನಿಕರಿಗೆ ಕೈಕೆಲಸ: ನಿಜವಾಗಿ ಉಪಯೋಗ ಇದೆಯಾ, ಬರೀ ಟೈಂಪಾಸಾ?

ತಿತಿಮತಿ_ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ವಿಷಯದಲ್ಲಿ ಸಲಹೆ ಬೇಕು. ಐಪಿಕೆಎಫ್ (ಭಾರತದ ಶಾಂತಿಪಾಲನಾ ಪಡೆ) ಜೊತೆ ಶ್ರೀಲಂಕಾಕ್ಕೆ ಹೋಗಿದ್ದಾಗ ಮೈನ್ ಸಿಡಿದು ಅವರ ಎಡಗೈ ಮೊಣಕೈಯಿಂದ ಕೆಳಗೆ ಹೋಯಿತು. ಊರಿಗೆ ಬಂದ ಮೇಲೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ದುಡಿದರು. ಹಾಜರಿ ಪುಸ್ತಕ, ಗೊಬ್ಬರದ ಲೆಕ್ಕ, ಆಳುಗಳ ಬಟವಾಡೆ ಎಲ್ಲ ಅವರದೇ. ಅವರಿಗೆ ಒಂದೇ ಕೈ ಅನ್ನುವುದು ಮನೆಯವರಿಗೂ ಮರೆತುಹೋಗಿತ್ತು.

ಈಗ ಕೆಲಸ ಬಿಟ್ಟಿದ್ದಾರೆ. ಅತ್ತೆ ತೀರಿಕೊಂಡರು. ಶುಗರ್‌ನಿಂದ ಪಾದದಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ, ಹಾಗಾಗಿ ತೋಟದ ಇಳಿಜಾರಿಗೆ ಹೋಗುವುದು ನಿಂತಿದೆ. ಬೆಳಿಗ್ಗೆ ಶೇವ್ ಮಾಡಿ, ಇಸ್ತ್ರಿ ಶರ್ಟ್ ಹಾಕಿಕೊಂಡು ಜಗಲಿಯಲ್ಲಿ ಕೂತರೆ ಊಟಕ್ಕೆ ಕರೆಯುವವರೆಗೂ ಅಲ್ಲೇ. ರಾತ್ರಿ ಕೂಗಿಕೊಂಡು ಏಳುವುದು ಎಷ್ಟೋ ವರ್ಷ ಇರಲಿಲ್ಲ. ಅದು ಮತ್ತೆ ಶುರುವಾಗಿದೆ.

ಸಂಬಂಧಿಕರೊಬ್ಬರು "ಏನಾದರೂ ಕೈಕೆಲಸ ಕಲಿಸಿ, ಯುದ್ಧದಲ್ಲಿ ಗಾಯವಾದವರಿಗೆ ಎಲ್ಲ ದೇಶದಲ್ಲೂ ಅದನ್ನೇ ಮಾಡಿಸುತ್ತಾರೆ" ಅಂದರು. ಗೋಣಿಕೊಪ್ಪದಿಂದ ಉಲನ್, ಕ್ರೋಶಾ ಕಡ್ಡಿ, ಬಣ್ಣದ ಡಬ್ಬಿ ತಂದಿಟ್ಟೆ. ಮಾವ ಒಮ್ಮೆ ನೋಡಿ, "ನನ್ನನ್ನು ಅಂಗನವಾಡಿಗೆ ಸೇರಿಸ್ತೀಯಾ ಮಗಳೇ?" ಅಂದರು. ಅಷ್ಟೇ.

ಇಲ್ಲಿ ಸೇನೆಯಲ್ಲಿ ಇದ್ದವರು, ಅವರ ಮನೆಯವರು ಜಾಸ್ತಿ ಇದ್ದೀರಿ. ಯಾರ ಮನೆಯಲ್ಲಾದರೂ ಇದರಿಂದ ಒಳ್ಳೆಯದಾಗಿದೆಯಾ? ಒಂದು ಕೈಯವರು ಏನು ಮಾಡಬಹುದು?

ಸುಮ್ನೆ_ಕೇಳ್ದೆ

ಪೆನ್ಷನ್ ಬರುತ್ತದೆ, ಮಿಲಿಟರಿ ಕ್ಯಾಂಟೀನ್ ಇದೆ. ದೇಶಕ್ಕೆ ದುಡಿದಿದ್ದಾರೆ, ಆರಾಮಾಗಿ ಕೂರಲಿ ಬಿಡಿ. ಈ ವಯಸ್ಸಿನಲ್ಲಿ ಬುಟ್ಟಿ ಹೆಣೆಯುವಂಥ ಕೈಕೆಲಸ ಯಾಕೆ?

ಏಳೂವರೆ_ಬೆರಳು

ಆರಾಮಾಗಿ ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು ಮಾರಾಯರೇ. ನನ್ನ ಬೆರಳುಗಳು ಸಿಯಾಚಿನ್‌ನ ಹಿಮದಲ್ಲೇ ಹೋದವು. ಮನೆಗೆ ಬಂದ ಮೊದಲ ಮಳೆಗಾಲ ಕಿಟಕಿ ಪಕ್ಕ ಕೂತೇ ಕಳೆದೆ. ಟಿವಿ ನೋಡುವುದು, ಮನೆಯವರ ಮೇಲೆ ರೇಗುವುದು, ಮತ್ತೆ ಟಿವಿ. ಆ ಆರಾಮ ಯಾರಿಗೂ ಬೇಡ.

ಹಳೇ_ಎಎಂಸಿ

ತಂಗಿ, ನಿಮ್ಮ ಮಾವ ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ವಾರ್ಡಿನಲ್ಲಿ ಎರಡೂ ನೋಡಿದ್ದೇನೆ. ಯಾರೋ ಅತಿಥಿಗಳು ಬರುತ್ತಾರೆ ಅಂತ ಗಾಯಾಳು ಸೈನಿಕರ ಕೈಗೆ ಬಣ್ಣದ ಕಾಗದ ಕೊಟ್ಟು ಹೂವು ಮಾಡಿಸುವುದು ಒಂದು. ಅತಿಥಿಗಳು ಹೋದ ಮೇಲೆ ಆ ಹೂವು ಕಸದ ಬುಟ್ಟಿಗೆ. ಇನ್ನೊಂದು, ಕಾಲು ಹೋದ ಒಬ್ಬ ಸಿಗ್ನಲ್ಸ್ ಹುಡುಗ ವಾರ್ಡಿನವರ ಕೆಟ್ಟ ರೇಡಿಯೋಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂರುತ್ತಿದ್ದ. ಅವನಿಗೆ ಊಟ ತಡವಾದರೂ ಗೊತ್ತಾಗುತ್ತಿರಲಿಲ್ಲ. "ನಂದು ಆಯ್ತಾ?" ಅಂತ ಪಕ್ಕದ ಮಂಚದವನು ಕೇಳುತ್ತಿದ್ದನಲ್ಲ, ಅದೇ ಅವನಿಗೆ ಟಾನಿಕ್.

ಇದೆಲ್ಲ ಹೊಸದಲ್ಲ. ಪುಣೆ ಹತ್ತಿರ ಖಡ್ಕಿಯಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಕಸುಬು ಕಲಿಸಲು 1917ರಲ್ಲಿ ಶುರುವಾದದ್ದು. ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ 1944ರದ್ದು. 1971ರ ಯುದ್ಧ ಆದ ಮೇಲೆ, ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಖಡ್ಕಿಯಲ್ಲೇ 1974ರಲ್ಲಿ ಪ್ಯಾರಾಪ್ಲೆಜಿಕ್ ಸೆಂಟರ್ ಬಂತು. ಅಲ್ಲಿ ಬಾಯಲ್ಲಿ ಬ್ರಷ್ ಕಚ್ಚಿ ಚಿತ್ರ ಬರೆಯುವವರಿದ್ದಾರೆ. ಆದರೆ ಎಲ್ಲರೂ ಚಿತ್ರವನ್ನೇ ಬರೆಯಬೇಕು ಅಂತಿಲ್ಲ ಅಲ್ವಾ? ಮುರಳೀಕಾಂತ್ ಪೇಟ್ಕರ್ ಅವರಿಗೆ 1965ರ ಯುದ್ಧದಲ್ಲಿ ಗುಂಡು ಬಿತ್ತು. ಅವರು ಈಜಿಗೆ ಇಳಿದರು, 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ತಂದರು. ಯಾರಿಗೆ ಯಾವುದು ಹಿಡಿಸುತ್ತದೆ ಅನ್ನುವುದು ಅವರವರಿಗೆ ಬಿಟ್ಟದ್ದು.

ಎರಡು ಪ್ರಶ್ನೆ. ಪುಣೆಯಲ್ಲಿ ಕೊಟ್ಟ ಕೃತಕ ಕೈ ಈಗ ಎಲ್ಲಿದೆ? ರಾತ್ರಿ ಕೂಗುವ ವಿಷಯ ಡಾಕ್ಟರಿಗೆ ಹೇಳಿದ್ದೀರಾ?

ತಿತಿಮತಿ_ಸೊಸೆ

ಅಣ್ಣಾ, ಕೈ ಟ್ರಂಕಿನಲ್ಲಿದೆ. ಕೊಕ್ಕೆ ಇರುವ ಹಳೇ ಮಾದರಿ. ಮದುವೆ ಮನೆಗೂ ಹಾಕಿಕೊಂಡಿದ್ದು ನಾನು ನೋಡಿಲ್ಲ. ರಾತ್ರಿಯ ವಿಷಯ ಯಾರಿಗೂ ಹೇಳಬೇಡ ಅಂದಿದ್ದಾರೆ. ಹೆಸರಿಲ್ಲದೆ ಇಲ್ಲಿ ಬರೆಯುತ್ತಿರುವುದೂ ಅದಕ್ಕೇ.

ಮೈಸೂರು_ಓಟಿ

ನಾನು ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ), ಅಂದರೆ ಕೆಲಸ, ಚಟುವಟಿಕೆಗಳ ಮೂಲಕ ಚಿಕಿತ್ಸೆ ಕೊಡುವವಳು. ಮೈಸೂರಿನಲ್ಲಿ ಕೆಲಸ, ಕೊಡಗಿನಿಂದ ಬರುವ ರೋಗಿಗಳು ತುಂಬಾ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ರಾತ್ರಿಯ ವಿಷಯ. ಬುಟ್ಟಿ ಹೆಣೆದರೆ ಅದು ಹೋಗುತ್ತದೆ ಅಂತ ಯಾರೂ ಭರವಸೆ ಕೊಡಲಾಗುವುದಿಲ್ಲ. ಹಳೇ ಯುದ್ಧದ ನೆನಪು ಕೆಲಸ, ಸಂಸಾರ ಅಂತ ಓಡಾಡುವಾಗ ತಳದಲ್ಲಿರುತ್ತದೆ. ಕೆಲಸ ನಿಂತಾಗ, ಜೊತೆಗಾರ್ತಿ ಹೋದಾಗ ಮೇಲೆ ಬರುವುದುಂಟು. ಅದಕ್ಕೆ ಬೇರೆ ಚಿಕಿತ್ಸೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರ್ ಇರುತ್ತಾರೆ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆಯಬಹುದು. ಇದು ಯಾವುದೂ ಬೇಡ ಅಂದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಕನ್ನಡದಲ್ಲೇ ಮಾತಾಡಬಹುದು, ಊರವರಿಗೆ ಗೊತ್ತಾಗುವುದಿಲ್ಲ. ಕೈಕೆಲಸ ಇದರ ಜೊತೆಗೆ ನಡೆಯಲಿ. ಇದರ ಬದಲಿಗೆ ಬೇಡ.

ಇನ್ನು ಕೈಕೆಲಸ. ನಮ್ಮ ವೃತ್ತಿ ಹುಟ್ಟಿದ್ದೇ ಹೆಚ್ಚುಕಡಿಮೆ ಇದರಿಂದ. ಅಮೆರಿಕದಲ್ಲಿ 1917ರಲ್ಲಿ ಸಂಘ ಕಟ್ಟಿದರು. ಮರುವರ್ಷ ಫ್ರಾನ್ಸ್‌ನ ಯುದ್ಧ ಆಸ್ಪತ್ರೆಗಳಿಗೆ ಹೆಣ್ಣುಮಕ್ಕಳನ್ನು ಕಳಿಸಿ, ಗಾಯಾಳುಗಳಿಗೆ ಮರಗೆತ್ತನೆ, ನೇಯ್ಗೆ, ಬುಟ್ಟಿ ಕೆಲಸ ಮಾಡಿಸಿದರು. ನಮ್ಮ ದೇಶದಲ್ಲಿ 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಮೊದಲ ಶಾಲೆ ತೆರೆದರು. ಬುಟ್ಟಿ ಅನ್ನುವುದು ನಮ್ಮ ವೃತ್ತಿಯವರನ್ನು ಗೇಲಿ ಮಾಡುವ ಮಾತೂ ಆಗಿಹೋಗಿದೆ. ಯಾಕೆ ಅಂದರೆ ಮನುಷ್ಯ ಯಾರು ಅಂತ ಕೇಳದೆ ಎಲ್ಲರಿಗೂ ಬುಟ್ಟಿ ಕೊಟ್ಟ ಕಾಲವೂ ಇತ್ತು.

ಅಕ್ಕಾ, ಕ್ರೋಶಾ ಎರಡು ಕೈ ಬೇಡುವ ಕೆಲಸ. ಒಂದು ಕೈ ಕಡ್ಡಿ ಹಿಡಿದರೆ ಇನ್ನೊಂದು ಕೈ ನೂಲಿನ ಬಿಗಿ ನೋಡಿಕೊಳ್ಳಬೇಕು. ಒಂದು ಕೈಯವರ ಮುಂದೆ ಅದನ್ನಿಟ್ಟರೆ ಮೊದಲ ಗಳಿಗೆಯಲ್ಲೇ ಇಲ್ಲದ ಕೈ ನೆನಪಾಗುತ್ತದೆ. ಅವರಿಗೆ ಬೇಕಾದ್ದು ವಸ್ತುವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಏನಾದರೊಂದು. ಮೇಜಿಗೆ ಕಚ್ಚಿಸುವ ಸಣ್ಣ ವೈಸ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಬಾಯಿಗೆ ಹಳೇ ಟ್ಯೂಬ್ ರಬ್ಬರ್ ಅಂಟಿಸಿ. ಕೆಳಗೆ ಜಾರದ ರಬ್ಬರ್ ಮ್ಯಾಟ್ ಹಾಕಿ. ಮೊಣಕೈ ಉಳಿದಿದೆ ಅಂದಿರಿ, ಅದು ದೊಡ್ಡ ವರ. ಉಳಿದ ತೋಳಿನಿಂದ ಒತ್ತಿ ಹಿಡಿಯಬಹುದು, ಕಾಗದ ನಿಲ್ಲಿಸಬಹುದು. ಇಷ್ಟು ವರ್ಷ ಹಾಜರಿ ಪುಸ್ತಕ ಬರೆದಿದ್ದಾರಲ್ಲ, ಆ ತೋಳಿಗೆ ಕೆಲಸ ಗೊತ್ತಿದೆ.

ಜನ ಗಮನಿಸದ ಒಂದು ವಿಷಯ ಹೇಳುತ್ತೇನೆ. ಇಂಥವರಲ್ಲಿ ಕೆಡುವುದು ಇರುವ ಕೈ. ಎರಡು ಕೈಯ ಕೆಲಸವನ್ನು ಒಂದೇ ಕೈ ಮಾಡಿ ಮಾಡಿ ಭುಜ, ಮಣಿಕಟ್ಟು, ಹೆಬ್ಬೆರಳ ಬುಡ ಸವೆದಿರುತ್ತದೆ. ಅವರು ಹೇಳುವುದಿಲ್ಲ, ನೀವು ಕೇಳಿ. ನೋವಿದ್ದರೆ ಹಿಡಿಕೆ ದಪ್ಪ ಮಾಡಿ, ಅರ್ಧ ಗಂಟೆಗೊಮ್ಮೆ ಬಿಡುವು ಕೊಡಿಸಿ. ಪಾದಕ್ಕೆ ಸ್ಪರ್ಶ ಇಲ್ಲದವರು ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರಬಾರದು. ಕುರ್ಚಿ, ಮೇಜು, ಮುಚ್ಚಿದ ಚಪ್ಪಲಿ. ಸಂಜೆ ಪಾದದ ಅಡಿ ಬೆಳಕಿನಲ್ಲಿ ನೋಡಬೇಕು. ಬಿದಿರಿನ ಸಿಬಿರು ಹೊಕ್ಕರೂ ಅವರಿಗೆ ತಿಳಿಯುವುದಿಲ್ಲ.

ಏನು ಕೆಲಸ ಅಂತ ನಾನು ಹೇಳುವುದಿಲ್ಲ. ಸೇನೆಗೆ ಸೇರುವ ಮೊದಲು, ಸೇನೆಯಲ್ಲಿದ್ದಾಗ ಅವರ ಕೈ ಯಾವುದರಲ್ಲಿ ಆಡುತ್ತಿತ್ತು ಅಂತ ಕೇಳಿ ಬನ್ನಿ. ಮುಂದಿನ ಮಾತು ಅಲ್ಲಿಂದ.

ಗ್ರಂಥಾಲಯದ_ಹುಳು

"ಅಂಗನವಾಡಿ" ಅಂದ ಮಾವನವರಿಗೆ ಈ ಕಥೆ ಹೇಳಿ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಲಂಡನ್ನಿನಲ್ಲಿ ಗಾಯಾಳು ಸೈನಿಕರಿಗೆ ಕಸೂತಿ ಕಲಿಸುವ ಸಂಸ್ಥೆಯೊಂದು ಶುರುವಾಯಿತು. ಹಿಂದೆ ಓಡಾಡಿದವರಲ್ಲಿ ಒಬ್ಬರು ಅರ್ನೆಸ್ಟ್ ಥೆಸಿಜರ್, ನಾಟಕದ ನಟ, ಅವರೂ ಯುದ್ಧದಲ್ಲಿ ಗಾಯಗೊಂಡವರೇ. ಹೆಂಗಸರ ಕೆಲಸ ಅಂತ ಅಧಿಕಾರಿಗಳು ಮೂಗು ಮುರಿದರು. ಆದರೆ ಅದೇ ಕಾಲದಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಪೀಠಕ್ಕೆ ಹಾಕುವ ವಸ್ತ್ರಕ್ಕೆ ನೂರಕ್ಕೂ ಹೆಚ್ಚು ಸೈನಿಕರು ಸೂಜಿ ಹಿಡಿದರು.

ನನಗೆ ಜಾಸ್ತಿ ಇಷ್ಟವಾದದ್ದು ಇಂಗ್ಲೆಂಡಿನ ಶೆಫೀಲ್ಡಿನ ಪೇಂಟೆಡ್ ಫ್ಯಾಬ್ರಿಕ್ಸ್. ಆಸ್ಪತ್ರೆಯ ವಾರ್ಡಿನಲ್ಲಿ ಅಚ್ಚು ಹಾಕಿ ಬಟ್ಟೆಗೆ ಬಣ್ಣ ಕೊಡುವ ಹವ್ಯಾಸವಾಗಿ ಹುಟ್ಟಿ ಕಂಪನಿಯಾಯಿತು. ಆನಿ ಬಿಂಡನ್ ಕಾರ್ಟರ್ ಅನ್ನುವ ಕಲಾವಿದೆ ನಡೆಸಿದರು. ಕೈ ಕಾಲು ಕಳೆದುಕೊಂಡವರೇ ಕೆಲಸಗಾರರು. "ದಾನ ಬೇಡ, ಕೆಲಸ ಬೇಕು" ಅನ್ನುವುದು ಅವರ ಘೋಷವಾಕ್ಯ. 1958ರವರೆಗೆ ನಡೆಯಿತು. 1922ರಲ್ಲಿ ಶುರುವಾದ ಪಾಪಿ (ಗಸಗಸೆ ಹೂವು) ಫ್ಯಾಕ್ಟರಿಯಲ್ಲಿ, ಯುದ್ಧದಲ್ಲಿ ಮಡಿದವರ ನೆನಪಿಗೆ ಧರಿಸುವ ಕಾಗದದ ಕೆಂಪು ಹೂವನ್ನು ಒಂದೇ ಕೈಯಲ್ಲಿ ಜೋಡಿಸಲು ಆಗುವ ಹಾಗೆ ರೂಪಿಸಿದರು. ವಸ್ತುವನ್ನೇ ಮನುಷ್ಯನಿಗೆ ಹೊಂದಿಸಿದರು ನೋಡಿ.

ನಮ್ಮಲ್ಲೂ ಇದೆ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಹಾಸ್ಟೆಲ್ ತೆರೆದರು. 1950ರಲ್ಲಿ ಅದು ಸಾಮಾನ್ಯ ಜನರ ತರಬೇತಿ ಕೇಂದ್ರವಾಯಿತು. ಇವತ್ತು ಅಂಧರಿಗಾಗಿ ಇರುವ ರಾಷ್ಟ್ರೀಯ ಸಂಸ್ಥೆಯ ಬೇರು ಅದೇ. ಅಂದರೆ ಸೈನಿಕರಿಗೆ ಅಂತ ಕಟ್ಟಿದ್ದು ಊರಿನ ಕುರುಡ ಹುಡುಗನಿಗೂ ದಕ್ಕಿತು. ಕೊಡಗಿನಲ್ಲಿ ಏನಾದರೂ ಮಾಡುವುದಿದ್ದರೆ ಈ ದಾರಿಯಲ್ಲಿ ಯೋಚಿಸಬೇಕು ಅಂತ ನನ್ನ ಅಭಿಪ್ರಾಯ. ಮಾಜಿ ಸೈನಿಕರಿಗೆ ಮಾತ್ರ ಅಂತ ಬೇಲಿ ಹಾಕಿದರೆ ಎಸ್ಟೇಟಿನ ಲೈನ್ ಮನೆಯಲ್ಲಿ ಕೈ ಮುರಿದುಕೊಂಡು ಕೂತ ಕೂಲಿಯವನಿಗೆ ಏನು?

ಮಂಜಿನೂರು_ಹೋಂಸ್ಟೇ

ಒಳ್ಳೇ ಚರ್ಚೆ. ಮಡಿಕೇರಿ ಹತ್ತಿರ ನಮ್ಮದು ಹೋಂಸ್ಟೇ, ಪಕ್ಕದಲ್ಲೇ ಸಣ್ಣ ಅಂಗಡಿ. ಕಾಫಿ ಪುಡಿ, ಜೇನು, ಕಾಳುಮೆಣಸು ಇಡುತ್ತೇವೆ. ಕಾರ್ಯಪ್ಪ, ತಿಮ್ಮಯ್ಯ ಅವರ ನಾಡು ಅಂತಲೇ ಟೂರಿಸ್ಟ್‌ಗಳು ಬರುತ್ತಾರೆ. 2021ರಲ್ಲಿ ತಿಮ್ಮಯ್ಯ ಮ್ಯೂಸಿಯಂ ತೆರೆದ ಮೇಲೆ ಇನ್ನೂ ಜಾಸ್ತಿ ಕೇಳುತ್ತಾರೆ. "ಗಾಯಗೊಂಡ ಯೋಧರು ಮಾಡಿದ್ದು" ಅಂತ ಚೀಟಿ ಕಟ್ಟಿ ಬುಟ್ಟಿ, ಚಮಚ ಇಟ್ಟರೆ ಎರಡು ಪಟ್ಟು ಬೆಲೆಗೆ ಹೋಗುತ್ತದೆ. ಗ್ಯಾರಂಟಿ. ಕಮಿಷನ್ ಏನೂ ಬೇಡ ನನಗೆ.

ಏಳೂವರೆ_ಬೆರಳು

ನಿಮ್ಮ ಮನಸ್ಸು ಒಳ್ಳೆಯದು. ಆದರೆ ನನ್ನ ಬೆರಳಿನ ಕಥೆಯನ್ನು ಬೆಲೆ ಚೀಟಿಗೆ ಕಟ್ಟಬೇಡಿ.

ನಾನು ಕಾಫಿ ಗಿಡದ ಮರದಲ್ಲಿ ಕೆಲಸ ಮಾಡುತ್ತೇನೆ. ಹಳೇ ಗಿಡ ಕಿತ್ತು ಹೊಸದು ಹಾಕುವಾಗ ಬುಡಗಳು ಸೌದೆಗೆ ಹೋಗುತ್ತಿದ್ದವು. ಅದನ್ನು ತಂದು ಊರುಗೋಲು, ಸೌಟು, ಕತ್ತಿ ಹಿಡಿ ಮಾಡುತ್ತೇನೆ. ಗಟ್ಟಿ ಮರ, ನುಣುಪು ಬರುತ್ತದೆ. ಆದರೆ ಅವಸರ ಮಾಡಿದರೆ ಸೀಳು ಬಿಡುತ್ತದೆ. ಕಡಿದ ಎರಡು ತುದಿಗೂ ಮೇಣ ಅಥವಾ ಹಳೇ ಪೇಂಟ್ ಬಳಿದು, ಬಿಸಿಲು ತಾಗದ ಕಡೆ ಗಾಳಿಗೆ ಇಡಬೇಕು. ಸಿಪ್ಪೆ ಕೂಡಲೇ ತೆಗೆಯಬಾರದು. ನಮ್ಮ ಮಳೆಗಾಲದಲ್ಲಿ ಯಾವುದೂ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಅದಕ್ಕೆ ಒಲೆ ಮೇಲಿನ ಅಟ್ಟ. ಹೊಗೆ ತಾಗಿದರೆ ಹುಳುವೂ ಕಡಿಮೆ.

ಮೆಷಿನ್ ಬಳಸುವುದಿಲ್ಲ. ಮಂಜು ಕಡಿದ ಕೈಗೆ ಅದರ ಅದುರು ಆಗುವುದಿಲ್ಲ, ಆಮೇಲೆ ರಾತ್ರಿಯೆಲ್ಲ ನೋವು. ಚಳಿಗೂ ಹಾಗೆಯೇ. ಜುಲೈ ತಿಂಗಳಲ್ಲಿ ಮಡಿಕೇರಿ ಕಡೆ ಬೆಳಿಗ್ಗೆ ಬೆರಳು ಬೆಳ್ಳಗಾಗುತ್ತದೆ. ಒಲೆ ಪಕ್ಕ ಕೂತು ಉಜ್ಜುವ ಕೆಲಸ ಮಾತ್ರ ಆಗ. ಉಪ್ಪು ಕಾಗದ ಹಿಡಿಯಲು ಬೆರಳು ಸಾಲದು, ಅದಕ್ಕೆ ಕಾಗದವನ್ನು ಮರದ ತುಂಡಿಗೆ ಸುತ್ತಿ ಅಂಗೈಯಲ್ಲಿ ಒತ್ತುತ್ತೇನೆ.

ನನ್ನ ಊರುಗೋಲು ಕೊಂಡವರು ಸುಂಟಿಕೊಪ್ಪದ ಒಬ್ಬ ಅಜ್ಜಿ. ತುದಿಗೆ ರಬ್ಬರ್ ಸರಿಯಾಗಿ ಕೂತಿಲ್ಲ ಅಂತ ವಾಪಸ್ ತಂದು ಬೈದರು. ಸರಿ ಮಾಡಿಕೊಟ್ಟೆ. ನಾನು ಎಲ್ಲಿ ಇದ್ದೆ, ಏನಾಯಿತು ಅವರಿಗೆ ಗೊತ್ತೇ ಇಲ್ಲ. ಆ ದಿನ ನನಗೆ ತುಂಬಾ ಖುಷಿಯಾಗಿತ್ತು.

ಮಂಜಿನೂರು_ಹೋಂಸ್ಟೇ

ಸರ್, ನೋವಾಗಿದ್ದರೆ ಕ್ಷಮಿಸಿ. ಆದರೂ ಒಂದು ಮಾತು. ಟೂರಿಸ್ಟ್ ಕೊಳ್ಳುವುದು ಕಥೆಯನ್ನೇ. ನಾನು ಕಾಫಿ ಮಾರುವಾಗಲೂ ಅಜ್ಜನ ಫೋಟೋ ಹಾಕುತ್ತೇನೆ. ಚೀಟಿ ಇಲ್ಲದ ಸೌಟನ್ನು ಚೀನಾದ ಸೌಟಿನ ಪಕ್ಕ ಇಟ್ಟರೆ ಯಾರೂ ಮುಟ್ಟುವುದಿಲ್ಲ. ಇದು ಅನುಭವದ ಮಾತು.

ಹಳೇ_ಎಎಂಸಿ

ಇಬ್ಬರದೂ ಸರಿ. ಮಾಡಿದವನ ಒಪ್ಪಿಗೆ ಇದ್ದರೆ ಹೆಸರು ಹಾಕಿ, ಊರು ಹಾಕಿ, ಬೇಕಾದರೆ ರೆಜಿಮೆಂಟ್ ಹಾಕಿ. ಏನು ಕಳೆದುಕೊಂಡ ಅನ್ನುವುದು ಬೇಡ. ರೆಜಿಮೆಂಟ್ ಹೆಸರು ಕಂಡರೆ ನಮ್ಮವನು ಒಬ್ಬ ನಿಂತು ಮಾತಾಡಿಸುತ್ತಾನೆ, ಅದು ಬೇರೆ ಲಾಭ.

ಬಿದಿರುಸೀಳು

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಬುಟ್ಟಿ ಬುಟ್ಟಿ ಅನ್ನುತ್ತಿದ್ದೀರಿ. ನಾವು ಮೇದರು, ಬಿದಿರು ಹೆಣೆಯುವ ಜಾತಿ, ವಿರಾಜಪೇಟೆ ಕಡೆಯವರು. ಬುಟ್ಟಿ ನಮಗೆ ಟೈಂಪಾಸೂ ಅಲ್ಲ, ಚಿಕಿತ್ಸೆಯೂ ಅಲ್ಲ. ಹೊಟ್ಟೆಪಾಡು.

ಹೆಣೆಯುವುದು ನಿಮ್ಮ ಕಣ್ಣಿಗೆ ಕಾಣುತ್ತದೆ. ಕಷ್ಟ ಇರುವುದು ಸೀಳುವುದರಲ್ಲಿ. ಹಸಿ ಬಿದಿರು ಆರಿಸಬೇಕು, ತೀರ ಎಳೆಯದೂ ಆಗದು, ಬಲಿತು ಒಣಗಿದ್ದೂ ಆಗದು. ಕತ್ತಿ ಇಟ್ಟು ಸೀಳಿ, ಒಳಗಿನ ತಿರುಳು ತೆಗೆದು, ಹೊರಗಿನ ಹಸಿರು ಪದರವನ್ನು ಒಂದೇ ದಪ್ಪಕ್ಕೆ ತರಬೇಕು. ಒಂದು ಕಡೆ ಕತ್ತಿ ತಳ್ಳಬೇಕು, ಇನ್ನೊಂದು ಕೈ ಕಡ್ಡಿಯನ್ನು ಬಗ್ಗಿಸಿ ದಾರಿ ತೋರಿಸಬೇಕು. ಒಂದು ಕೈಯವರು ಇದನ್ನು ಮಾಡಲು ಹೋಗಬೇಡಿ. ಕುಯ್ದುಕೊಂಡರೆ ಇರುವ ಕೈಯೂ ಹೋಗುತ್ತದೆ.

ಮೊದಲು ಕಾಫಿ ಕೊಯ್ಲಿಗೆ ನಮ್ಮ ಬುಟ್ಟಿ, ಕೋಳಿ ಮುಚ್ಚಲು ನಮ್ಮ ಬುಟ್ಟಿ, ಭತ್ತ ಕೇರಲು ನಮ್ಮ ಮೊರ. ಈಗ ಪ್ಲಾಸ್ಟಿಕ್ ಚೀಲ, ಪ್ಲಾಸ್ಟಿಕ್ ಕ್ರೇಟ್. ಹಬ್ಬ, ಮದುವೆಗೆ ಮಾತ್ರ ನೆನಪಾಗುತ್ತೇವೆ. ಹೀಗಿರುವಾಗ ಪೆನ್ಷನ್ ಇರುವವರು ಹೊತ್ತು ಕಳೆಯಲು ಬುಟ್ಟಿ ಹೆಣೆದು ಅರ್ಧ ಬೆಲೆಗೆ ಕೊಟ್ಟರೆ ನಮ್ಮ ಗತಿ? ಅದರ ಮೇಲೆ ಯೋಧರ ಚೀಟಿ ಬೇರೆ. ನಮ್ಮ ಬುಟ್ಟಿಗೆ ಯಾವ ಚೀಟಿ ಕಟ್ಟುತ್ತೀರಿ?

ಇನ್ನೊಂದು, ಸಿಟ್ಟಾಗಬೇಡಿ. ಕಲಿಸುವವರು ಯಾರು? ನಮ್ಮಪ್ಪ ಬುಟ್ಟಿ ಕೊಡಲು ಹೋದಾಗ ಅಂಗಳದಲ್ಲೇ ನಿಲ್ಲುತ್ತಿದ್ದರು. ಈಗ ಜಗಲಿಗೆ ಕರೆದು ಕುರ್ಚಿ ಹಾಕಿ ಗುರು ಅನ್ನುತ್ತೀರಾ?

ಸುಮ್ನೆ_ಕೇಳ್ದೆ

ಎಲ್ಲದಕ್ಕೂ ಜಾತಿ ತರಬೇಡಿ ಪ್ಲೀಸ್.

ಏಳೂವರೆ_ಬೆರಳು

ಅವರು ತಂದಿಲ್ಲ ಸ್ವಾಮಿ, ಮೊದಲಿಂದ ಅಲ್ಲೇ ಇತ್ತು. ಅವರು ತೋರಿಸಿದರು ಅಷ್ಟೇ.

ಬಿದಿರುಸೀಳು ಅಣ್ಣಾ, ನಾವು ಸೇನೆಯವರು ಲಂಗರ್‌ನಲ್ಲಿ (ಊಟದ ಮನೆಯಲ್ಲಿ) ಪಕ್ಕಪಕ್ಕ ಕೂತು ಉಂಡವರು. ಊರಿಗೆ ಬಂದ ಮೇಲೆ ಎಷ್ಟೋ ಜನ ಅದನ್ನು ಮರೆತರು, ಅದೂ ನಿಜ. ನನ್ನ ಮಟ್ಟಿಗೆ ಹೇಳುತ್ತೇನೆ, ಕಲಿಸುವವರಿಗೆ ದಿನದ ಕೂಲಿ ಕೊಡಬೇಕು, ಬಡಗಿಗೆ ಕೊಡುವಷ್ಟೇ ಕೊಡಬೇಕು. ಕುರ್ಚಿ ಕೇಳಿ ಪಡೆಯುವ ಸ್ಥಿತಿ ಬರಬಾರದು. ಮಾರುವುದಾದರೆ ನಿಮ್ಮ ದರಕ್ಕಿಂತ ಒಂದು ರೂಪಾಯಿ ಕಡಿಮೆಗೂ ಮಾರಬಾರದು.

ಮೈಸೂರು_ಓಟಿ

ಬಿದಿರುಸೀಳು ಅವರ ಮಾತು ತುಂಬಾ ಮುಖ್ಯ. ಆಸ್ಪತ್ರೆಯಲ್ಲಿ ನಾವೂ ಸೀಳಿದ ಕಡ್ಡಿಯನ್ನೇ ಕೊಂಡು ತರುತ್ತೇವೆ. ರೋಗಿಯ ಕೈಗೆ ಹೆಣೆಯುವ ಹಂತ ಮಾತ್ರ. ಯಾವ ಕಸುಬನ್ನೂ ಹೀಗೆ ಹಂತ ಹಂತ ಬಿಡಿಸಿ, ಈ ಮನುಷ್ಯನಿಂದ ಯಾವ ಹಂತ ಆಗುತ್ತದೆ ಅಂತ ನೋಡಬೇಕು. ಪೂರ್ತಿ ಕಸುಬು ನಮ್ಮದು ಅಂತ ಹೇಳಿಕೊಳ್ಳುವುದು ಬೇಡ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಬೇಕರಿ, ಮೇಣದಬತ್ತಿ, ಮರಗೆಲಸದಂಥ ವಿಭಾಗಗಳಿವೆ. ಅಲ್ಲಿನ ಬ್ರೆಡ್ ಕೊಳ್ಳುವವರು ಕರುಣೆಯಿಂದ ಕೊಳ್ಳುವುದಿಲ್ಲ. ಬ್ರೆಡ್ ಚೆನ್ನಾಗಿದೆ, ಅದಕ್ಕೆ ಕೊಳ್ಳುತ್ತಾರೆ. ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆ ತೋಟಗಾರಿಕೆ ಕಲಿಸುತ್ತದೆ. ಕೊಡಗಿನವರಿಗೆ ನರ್ಸರಿ ಕೆಲಸವೂ ಕೈಕೆಲಸವೇ ಅಲ್ವಾ? ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬಿ ಕಾಳುಮೆಣಸಿನ ಬಳ್ಳಿ ನೆಡುವುದು ಮೇಜಿನ ಮುಂದೆ ಕೂತು ಮಾಡಬಹುದು.

ಸುಮ್ನೆ_ಕೇಳ್ದೆ

ಸರಿ, ಒಂದು ನಿಜವಾದ ಪ್ರಶ್ನೆ. ನನ್ನ ಚಿಕ್ಕಪ್ಪನೂ ಡಿಸೆಬಿಲಿಟಿ ಪೆನ್ಷನ್‌ನಲ್ಲಿದ್ದಾರೆ. ಕೈಕೆಲಸ ಮಾಡಿ ಸಂಪಾದಿಸಿದರೆ ಅದು ಕಟ್ ಆಗುತ್ತದಾ? ಆ ಹೆದರಿಕೆಗೇ ಅವರು ಏನೂ ಮಾಡುವುದಿಲ್ಲ.

ಹಳೇ_ಎಎಂಸಿ

ಆಗುವುದಿಲ್ಲ. ಆ ಪೆನ್ಷನ್ ಮೆಡಿಕಲ್ ಬೋರ್ಡ್ ಕೊಟ್ಟ ಶೇಕಡಾ ಮೇಲೆ ನಿಂತಿರುತ್ತದೆ, ನಿಮ್ಮ ಸಂಪಾದನೆ ಮೇಲಲ್ಲ. ಎಷ್ಟೋ ಜನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ ತೆಗೆದುಕೊಳ್ಳುತ್ತಾರೆ. ಕಾಗದ ಪತ್ರ ತೋರಿಸಿ ಕೇಳುವುದಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಹೋಗಿ.

ತಿತಿಮತಿ_ಸೊಸೆ

ಇಷ್ಟು ದಿನ ಬರೆಯಲು ಆಗಲಿಲ್ಲ, ಮನೆಯಲ್ಲಿ ಕೊಯ್ಲು. ಈಗ ಹೇಳುವುದಿದೆ.

ಓಟಿ ಮೇಡಂ ಹೇಳಿದ ಪ್ರಶ್ನೆ ಕೇಳಿದೆ. "ನಿಮ್ಮ ಕೈ ಮೊದಲು ಯಾವುದರಲ್ಲಿ ಆಡುತ್ತಿತ್ತು ಮಾವ?" ಅಂತ. "ಹಾಕಿ ಸ್ಟಿಕ್ ಬಿಟ್ಟರೆ ಇನ್ನೇನು?" ಅಂದರು. ಬೆಟಾಲಿಯನ್ ತಂಡದಲ್ಲಿ ಆಡಿದ್ದು ನಮಗೆ ಗೊತ್ತಿತ್ತು. ತಂಡದವರ ಸ್ಟಿಕ್‌ಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರು ಇವರೇ ಅನ್ನುವುದು ಗೊತ್ತಿರಲಿಲ್ಲ. ಆಗಿನ ಸ್ಟಿಕ್‌ಗಳ ತಲೆ ಹಿಪ್ಪುನೇರಳೆ ಮರ, ಹಿಡಿ ಬೆತ್ತ. ಬೆತ್ತ ಮರಕ್ಕೆ ಸೇರುವ ಕಡೆ ದಾರ ಬಿಗಿಯಾಗಿ ಸುತ್ತಿರಬೇಕು. ಮಳೆಗೆ ಸಡಿಲವಾದರೆ ಹೊಡೆತಕ್ಕೆ ಅಲ್ಲೇ ಬಿರುಕು. ಇದನ್ನೆಲ್ಲ ಅವರು ಒಂದೇ ಉಸಿರಿಗೆ ಹೇಳಿದರು. ಅತ್ತೆ ಹೋದ ಮೇಲೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

ನನ್ನ ಮಗನ ಸ್ಟಿಕ್‌ನ ಗ್ರಿಪ್ ಹರಿದಿತ್ತು. ಯಜಮಾನರು ವೈಸ್ ತಂದು ಜಗಲಿ ಮೇಜಿಗೆ ಕಚ್ಚಿಸಿದರು. ಗ್ರಿಪ್ ಸುತ್ತುವಾಗ ಒಂದು ಕೈ ಪಟ್ಟಿ ಎಳೆದು ಬಿಗಿ ಹಿಡಿಯಬೇಕು, ಇನ್ನೊಂದು ಸ್ಟಿಕ್ ತಿರುಗಿಸಬೇಕು. ಅಲ್ಲಿ ಸಿಕ್ಕಿಬಿದ್ದರು. ಸಿಟ್ಟು ಬಂದು ಎಸೆದರು ಕೂಡ. ಆಮೇಲೆ ಏಳೂವರೆ ಬೆರಳು ಅವರಿಗೆ ಮೆಸೇಜ್ ಹಾಕಿದೆ. ಅವರು ಮನೆಗೇ ಬಂದರು.

ಏಳೂವರೆ_ಬೆರಳು

ಕಾಫಿ ಚೆನ್ನಾಗಿತ್ತು ತಂಗಿ. ಉಪಾಯ ಇಲ್ಲಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಎರಡು ಮರದ ತುಂಡು ತೆಗೆದುಕೊಂಡು ಮೇಲೆ ವಿ ಆಕಾರದಲ್ಲಿ ಕೊರೆಯಿರಿ. ಹಲಗೆ ಮೇಲೆ ಒಂದು ಮೊಳ ಅಂತರದಲ್ಲಿ ಮೊಳೆ ಹೊಡೆಯಿರಿ. ಸ್ಟಿಕ್ ಅದರ ಮೇಲೆ ಮಲಗುತ್ತದೆ, ಸುಲಭವಾಗಿ ಉರುಳುತ್ತದೆ. ಗ್ರಿಪ್ ಪಟ್ಟಿಯ ಒಂದು ತುದಿಯನ್ನು ಹಿಡಿಯ ಮೇಲ್ತುದಿಗೆ ಅಂಟಿಸಿ, ಇನ್ನೊಂದು ತುದಿಗೆ ಕ್ಲಿಪ್ ಹಾಕಿ ಸಣ್ಣ ಮರಳು ಚೀಲ ತೂಗುಬಿಡಿ. ಬಿಗಿ ನೋಡಿಕೊಳ್ಳುವುದು ಆ ಚೀಲದ ಕೆಲಸ. ನಿಮ್ಮ ಕೈ ಸ್ಟಿಕ್ ಉರುಳಿಸಿದರೆ ಸಾಕು. ಪಟ್ಟಿ ತಾನಾಗಿ ಸುತ್ತಿಕೊಳ್ಳುತ್ತದೆ, ಸ್ಟಿಕ್ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಜರುಗಿಸುತ್ತಾ ಹೋಗಬೇಕು. ದಾರ ಸುತ್ತುವುದಕ್ಕೂ ಇದೇ. ಕೊನೆಯಲ್ಲಿ ಗಂಟು ಹಾಕಬೇಡಿ. ಮೊದಲೇ ಒಂದು ಕುಣಿಕೆ ಅಡಿಯಲ್ಲಿ ಮಲಗಿಸಿ ಅದರ ಮೇಲೆ ಸುತ್ತಿ, ಕೊನೆಯ ತುದಿಯನ್ನು ಕುಣಿಕೆಗೆ ಸಿಕ್ಕಿಸಿ ಒಳಗೆ ಎಳೆದುಬಿಡಿ. ಒಂದೇ ಕೈ ಸಾಕು. ದಾರಕ್ಕೆ ಜೇನುಮೇಣ ಹಚ್ಚಿದರೆ ಮಳೆಗೆ ಜಗ್ಗುವುದಿಲ್ಲ.

ಇದರಲ್ಲಿ ಅರ್ಧ ಉಪಾಯ ನಿಮ್ಮ ಮಾವ ಸುಬೇದಾರ್ ಸಾಹೇಬರದ್ದೇ. ಚೀಲದ ತೂಕ ಜಾಸ್ತಿಯಾಯಿತು ಅಂತ ನನಗೆ ಆರ್ಡರ್ ಮಾಡಿದರು.

ಗ್ರಂಥಾಲಯದ_ಹುಳು

ಕೊಡಗಿನಲ್ಲಿ ಇದಕ್ಕಿಂತ ಒಳ್ಳೇ ಕೈಕೆಲಸ ಇನ್ನೇನು ಬೇಕು! 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಮುಟ್ಟಿತು. ಏಪ್ರಿಲ್ ಬಂತೆಂದರೆ ಅಜ್ಜನಿಂದ ಮೊಮ್ಮಗಳವರೆಗೆ ಅಟ್ಟದಿಂದ ಹಳೇ ಸ್ಟಿಕ್ ಇಳಿಸುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಗ್ರಿಪ್ ಕಿತ್ತದ್ದೇ.

ಬಿದಿರುಸೀಳು

ಇದು ಒಳ್ಳೆಯದಾಯಿತು. ಬೆತ್ತದ ಹಿಡಿ ಬದಲಾಯಿಸುವುದಿದ್ದರೆ ಹೇಳಿ. ಕಾಡಿನ ಬೆತ್ತ ಸುಮ್ನೆ ಕಡಿಯುವ ಹಾಗಿಲ್ಲ, ಕೊಂಡದ್ದನ್ನೇ ತರುತ್ತೇನೆ. ಸೀಳಿ, ನಯ ಮಾಡಿ ಕೊಡುತ್ತೇನೆ. ಕೂಲಿ ಬೇರೆ, ಬೆತ್ತದ ದುಡ್ಡು ಬೇರೆ.

ತಿತಿಮತಿ_ಸೊಸೆ

ಖಂಡಿತ ಅಣ್ಣಾ. ಮಾವನೇ ಕೇಳಿದರು, "ಆ ವಿರಾಜಪೇಟೆಯವರು ಯಾವಾಗ ಬರುತ್ತಾರೆ" ಅಂತ. ಮಧ್ಯಾಹ್ನ ಬನ್ನಿ, ನಮ್ಮ ಜೊತೆ ಊಟ.

ರಾತ್ರಿಯ ತೊಂದರೆ ಪೂರ್ತಿ ಹೋಗಿಲ್ಲ. ಟೆಲಿ ಮಾನಸ್‌ಗೆ ಮೊದಲು ನಾನೇ ಫೋನ್ ಮಾಡಿದೆ, ಹೇಗೆ ಮಾತಾಡಿಸಬೇಕು ಅಂತ ಹೇಳಿಕೊಟ್ಟರು. ಮುಂದಿನ ತಿಂಗಳು ಡಾಕ್ಟರ್ ಹತ್ತಿರ ಬರಲು ಒಪ್ಪಿದ್ದಾರೆ. ಶುಗರ್ ತೋರಿಸಲು ಹೋಗುವ ದಿನವೇ ಅದೂ ಆಗಲಿ ಅಂದಿದ್ದಾರೆ. ಬಲಗೈ ಹೆಬ್ಬೆರಳು ನೋಯುತ್ತದೆ ಅಂತ ಕೇಳಿದ ಮೇಲೆ ಒಪ್ಪಿಕೊಂಡರು. ಮೇಡಂ ಹೇಳಿದ ಹಾಗೆ ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದೇವೆ. ಪುಣೆಯ ಕೈ ಇನ್ನೂ ಟ್ರಂಕಿನಲ್ಲೇ ಇದೆ, ಬೇಕಾಗಿಲ್ಲವಂತೆ.

ಮಂಜಿನೂರು_ಹೋಂಸ್ಟೇ

ನಮ್ಮ ಮನೆಯಲ್ಲಿ ಹಳೇ ಸ್ಟಿಕ್ ಒಂದು ರಾಶಿ ಇದೆ. ದರ ಎಷ್ಟು? ಪುಕ್ಕಟೆ ಬೇಡ, ಈ ಚರ್ಚೆ ಪೂರ್ತಿ ಓದಿದ್ದೇನೆ.

ತಿತಿಮತಿ_ಸೊಸೆ

ದರದ ಪಟ್ಟಿ ಮಾಡಿ ಜಗಲಿಯ ಗೋಡೆಗೆ ಅಂಟಿಸಿದ್ದಾರೆ, ಹಾಜರಿ ಪುಸ್ತಕದ ಅಕ್ಷರದಲ್ಲಿ. ಗ್ರಿಪ್ ಮಾತ್ರ ಆದರೆ ಒಂದು ದರ, ದಾರವೂ ಸೇರಿದರೆ ಒಂದು, ಬೆತ್ತ ಬದಲಾಯಿಸಿದರೆ ಒಂದು. ಶಾಲೆ ಮಕ್ಕಳಿಗೆ ಅರ್ಧ. ತಂದವರ ಹೆಸರು, ತಂದ ತಾರೀಕು ಬರೆಸಿಯೇ ತೆಗೆದುಕೊಳ್ಳುತ್ತಾರೆ. ಹೊತ್ತಿಗೆ ಮುಂಚೆ ಕೇಳಲು ಬಂದರೆ ಬೈಸಿಕೊಳ್ಳಬೇಕು. ಒಡೆದ ಕಾಂಪೋಸಿಟ್ (ಫೈಬರ್) ಸ್ಟಿಕ್ ಯಾರೂ ತರಬೇಡಿ, ಅದು ಇಲ್ಲಿ ಆಗುವುದಿಲ್ಲ. ಇದನ್ನೂ ಬರಿ ಅಂತ ಹಿಂದೆ ನಿಂತು ಹೇಳುತ್ತಿದ್ದಾರೆ.